ಓದುಗರೇ ಸಾಕಿದ ಕಾದಂಬರಿ

ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿತ್ರ. ಹಿಮ ಬೀಳುತ್ತಿರುವ ಬೀದಿಯೋ, ಮಕ್ಕಳೆಲ್ಲ ಮನೆಗೆ ಹೋದ ಮೇಲಿನ ಶಾಲೆಯ ಕೊಠಡಿಯೋ ಇರಬಹುದು. ಚಿತ್ರದ ಕೆಳಗೆ ಎರಡು ಮೂರು ಸಾಲು ಬರಹ, ಹಿನ್ನೆಲೆಯಲ್ಲಿ ಮೆಲುದನಿಯ ಸಂಗೀತ. ಗುಂಡಿ ಒತ್ತಿದರೆ ಮುಂದಿನ ಸಾಲು ಬರುತ್ತದೆ. ಅಲ್ಲಲ್ಲಿ ಕತೆ ನಿಂತು ಓದುಗನನ್ನೇ ಕೇಳುತ್ತದೆ: ಬಾಗಿಲು ತೆರೆಯುವೆಯೋ, ಹಿಂದಿರುಗುವೆಯೋ? ಅವನು ಆರಿಸಿಕೊಂಡ ದಾರಿಯಲ್ಲಿ ಕತೆ ಮುಂದುವರಿಯುತ್ತದೆ. ದೊಡ್ಡ ಕತೆಯಾದರೆ ಓದಿ ಮುಗಿಸಲು ಐವತ್ತು ಗಂಟೆಯೂ ಬೇಕಾದೀತು. ಇದಕ್ಕೆ ವಿಷುಯಲ್ ನಾವೆಲ್ ಎಂದು ಹೆಸರು. ಕನ್ನಡದಲ್ಲಿ ದೃಶ್ಯ ಕಾದಂಬರಿ ಎನ್ನೋಣ.

ಜಪಾನಿನಲ್ಲಿ ಹುಟ್ಟಿದ ಈ ಪ್ರಕಾರ ಮಾರಾಟವಾದದ್ದು ವಿಡಿಯೋ ಗೇಮುಗಳ ಅಂಗಡಿಯಲ್ಲಿ. ಹಾಗಾಗಿ ಸಾಹಿತ್ಯದವರು ಇದನ್ನು ಆಟವೆಂದು ದೂರವಿಟ್ಟರು. ಆಟದವರು ಇದರಲ್ಲಿ ಆಡುವುದಕ್ಕೇನಿದೆ ಎಂದು ಮೂಗು ಮುರಿದರು. ಎರಡೂ ಮನೆಗೆ ಬೇಡವಾದ ಈ ಕೂಸನ್ನು ಎತ್ತಿಕೊಂಡು ಸಾಕಿದವರು ಅದರ ಓದುಗರು. ಅಭಿಮಾನಿ ಎಂದರೆ ಜೈಕಾರ ಹಾಕುವವನು, ಹಣ ಕೊಟ್ಟು ಕೊಳ್ಳುವವನು ಎಂಬ ಕಲ್ಪನೆ ನಮ್ಮಲ್ಲಿದೆ. ಈ ಪ್ರಕಾರದ ನಲವತ್ತು ವರ್ಷಗಳ ಇತಿಹಾಸವನ್ನು ನೋಡಿದರೆ ಆ ಕಲ್ಪನೆ ಬದಲಾಗುತ್ತದೆ.

ಬೆನ್ನ ಮೇಲಿನ ಪುಸ್ತಕಾಲಯ

ಚಿತ್ರ ಮತ್ತು ಬರಹವನ್ನು ಒಂದೇ ಪುಟದಲ್ಲಿ ಓದುವ ಅಭ್ಯಾಸ ಜಪಾನಿನಲ್ಲಿ ಹಳೆಯದು. ಇಂದಿನ ಟೋಕಿಯೊ ಆಗ ಎದೊ ಎಂಬ ಹೆಸರಿನ ನಗರವಾಗಿತ್ತು. 1775ರಲ್ಲಿ ಕೊಯಿಕಾವಾ ಹಾರುಮಾಚಿ ಎಂಬಾತ ದೊಡ್ಡವರಿಗಾಗಿ ಬರೆದ ಒಂದು ಚಿತ್ರಕತೆ ಅಲ್ಲಿ ಜನಪ್ರಿಯವಾಯಿತು. ಹಳದಿ ರಕ್ಷಾಪುಟದ ಇಂಥ ಪುಸ್ತಿಕೆಗಳನ್ನು ಕಿಬ್ಯೋಶಿ ಎಂದು ಕರೆದರು. ಮರದ ಅಚ್ಚಿನಲ್ಲಿ ಮೂಡಿದ ಚಿತ್ರದ ಸುತ್ತ, ಖಾಲಿ ಉಳಿದ ಜಾಗದಲ್ಲೆಲ್ಲ, ಕತೆಯ ಸಾಲುಗಳು ಹರಿಯುತ್ತಿದ್ದವು.

ಪುಸ್ತಕ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಬಾಡಿಗೆ ಪುಸ್ತಕದವರು ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಿದ್ದರು. 1808ರಲ್ಲಿ ಎದೊ ನಗರವೊಂದರಲ್ಲೇ ಇಂಥ 656 ಮಂದಿ ಇದ್ದರೆಂಬ ಲೆಕ್ಕವಿದೆ. ಆಳುವವರಿಗೆ ಈ ಓದು ಹಿಡಿಸಲಿಲ್ಲ. 1791ರಲ್ಲಿ ಜನಪ್ರಿಯ ಲೇಖಕ ಸಾಂತೊ ಕ್ಯೋದೆನ್‌ಗೆ ಐವತ್ತು ದಿನ ಕೈಕೋಳ ತೊಡಿಸಿದರು. ಅವನ ಪ್ರಕಾಶಕ ತ್ಸುತಾಯಾ ಜೂಜಾಬುರೊ ತನ್ನ ಅರ್ಧ ಆಸ್ತಿ ಕಳೆದುಕೊಂಡ. ಆದರೂ ಓದು ನಿಲ್ಲಲಿಲ್ಲ. ಬಾಕಿನ್ ಎಂಬ ಲೇಖಕ 1814ರಿಂದ 1842ರವರೆಗೆ 28 ವರ್ಷ ಒಂದೇ ಕತೆಯನ್ನು 106 ಪುಸ್ತಿಕೆಗಳಲ್ಲಿ ಬರೆದ. ನಡುವೆ ಕಣ್ಣು ಹೋಯಿತು. ಕೊನೆಯ ಭಾಗಗಳನ್ನು ಅವನು ಹೇಳುತ್ತಾ ಹೋದ, ಮನೆಯ ಸೊಸೆ ಬರೆದುಕೊಂಡಳು.

ಆ ಪುಸ್ತಿಕೆಗಳಿಂದಲೇ ಇಂದಿನ ದೃಶ್ಯ ಕಾದಂಬರಿ ನೇರವಾಗಿ ಹುಟ್ಟಿತೆಂದು ಹೇಳಲಾಗದು. ಆದರೆ ಚಿತ್ರವಿರುವ ಕತೆ ಮಕ್ಕಳಿಗೆ ಮಾತ್ರ ಎಂಬ ಭಾವನೆ ಜಪಾನಿನಲ್ಲಿ ಏಕೆ ಗಟ್ಟಿಯಾಗಿ ಬೇರೂರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇಂಥ ಓದು ಕೀಳು ಎಂಬ ಅನುಮಾನವೂ ಅಷ್ಟೇ ಹಳೆಯದು.

ಕೊಬೆಯ ಕೊಲೆ, ಹಿಮದ ರಾತ್ರಿ

1983ರಲ್ಲಿ ಯೂಜಿ ಹೊರೀ ಎಂಬ ತರುಣ ಆಗಿನ ಪುಟ್ಟ ಮನೆ ಕಂಪ್ಯೂಟರಿಗಾಗಿ ಒಂದು ಪತ್ತೇದಾರಿ ಕತೆ ಮಾಡಿದ. ಕೊಬೆ ನಗರದಲ್ಲಿ ಒಂದು ಕೊಲೆ. ಓದುಗನೇ ಪತ್ತೇದಾರ. ಯಾರನ್ನು ವಿಚಾರಿಸಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಅವನೇ ತಿಳಿಸಬೇಕು. 'ಪೋರ್ಟೋಪಿಯಾ ಸರಣಿ ಕೊಲೆ ಪ್ರಕರಣ' ಎಂಬ ಈ ಕತೆ 1985ರಲ್ಲಿ ನಿಂಟೆಂಡೊ ಕಂಪನಿಯ ಯಂತ್ರಕ್ಕೂ ಬಂದು ಮನೆಮಾತಾಯಿತು.

ಹೊರೀ ಜೊತೆ ಕೆಲಸ ಮಾಡಿದ್ದ ಕೊಯಿಚಿ ನಾಕಾಮುರಾ ಮುಂದಿನ ಹೆಜ್ಜೆ ಇಟ್ಟ. ಎಂದೂ ವಿಡಿಯೋ ಗೇಮ್ ಮುಟ್ಟದವರೂ ಹಿಡಿದು ಕೂರುವಂಥದ್ದು ಬೇಕು ಎಂಬುದು ಅವನ ಹಂಬಲ. 1992ರಲ್ಲಿ ಅವನ ಚುನ್‌ಸಾಫ್ಟ್ ಕಂಪನಿ 'ಒತೊಗಿರಿಸೊ' ಎಂಬ ಭಯದ ಕತೆಯನ್ನು ತಂದಿತು. ಪರದೆಯ ತುಂಬ ಬರಹ, ಹಿಂದೆ ಮಳೆಯ, ಬಾಗಿಲಿನ, ಹೆಜ್ಜೆಯ ಸದ್ದು. ಇದಕ್ಕೆ 'ಸೌಂಡ್ ನಾವೆಲ್' ಎಂದು ಹೆಸರಿಟ್ಟರು. 1994ರಲ್ಲಿ ಪತ್ತೇದಾರಿ ಕಾದಂಬರಿಕಾರ ತಾಕೆಮಾರು ಅಬಿಕೊ ಬರೆದ 'ಕಾಮಾಇತಾಚಿ ನೊ ಯೊರು' ಬಂತು. ಹಿಮಪಾತದಲ್ಲಿ ಸಿಕ್ಕಿಬಿದ್ದ ವಸತಿಗೃಹದಲ್ಲಿ ಕೊಲೆಗಳು ನಡೆಯುತ್ತವೆ. ಪಾತ್ರಗಳೆಲ್ಲ ಮುಖವಿಲ್ಲದ ನೀಲಿ ನೆರಳುಗಳು. ಓದುಗ ತಪ್ಪು ದಾರಿ ಹಿಡಿದರೆ ಇನ್ನಷ್ಟು ಜನ ಸಾಯುತ್ತಾರೆ.

1996ರಲ್ಲಿ ಲೀಫ್ ಎಂಬ ಸಣ್ಣ ಕಂಪನಿ ಇದೇ ಮಾದರಿಯಲ್ಲಿ 'ಶಿಜುಕು' ಎಂಬ ಕತೆಯನ್ನು ಹೊರತಂದಿತು. 'ಸೌಂಡ್ ನಾವೆಲ್' ಚುನ್‌ಸಾಫ್ಟ್‌ನ ಹೆಸರಾಗಿದ್ದರಿಂದ ಲೀಫ್ ತನ್ನ ಮಾಲಿಕೆಯನ್ನು 'ವಿಷುಯಲ್ ನಾವೆಲ್' ಎಂದು ಕರೆಯಿತು. ಒಂದು ಕಂಪನಿಯ ಮಾಲಿಕೆಯ ಹೆಸರು ಇಡೀ ಪ್ರಕಾರದ ಹೆಸರಾಗಿ ನಿಂತಿತು.

ಕಳಂಕದ ಮಾತು

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆಗ ಜಪಾನಿನ ಕಂಪ್ಯೂಟರ್ ಆಟಗಳ ಮಾರುಕಟ್ಟೆಯ ದೊಡ್ಡ ಪಾಲು ವಯಸ್ಕರಿಗೆಂದು ಮಾಡಿದ, ಅಶ್ಲೀಲ ದೃಶ್ಯಗಳುಳ್ಳ ಸರಕಾಗಿತ್ತು. ಸಣ್ಣ ಕಂಪನಿಗಳಿಗೆ ಬದುಕುವ ದಾರಿಯೂ ಅದೇ ಆಗಿತ್ತು. 1991ರಲ್ಲಿ ಶಾಲಾ ಬಾಲಕನೊಬ್ಬ ಅಂಗಡಿಯಿಂದ ಇಂಥ ಆಟವೊಂದನ್ನು ಕದ್ದು ಸಿಕ್ಕಿಬಿದ್ದಾಗ ದೊಡ್ಡ ಗದ್ದಲವೆದ್ದಿತು. ಮರು ವರ್ಷ ಉದ್ಯಮದವರೇ ಸೇರಿ ಒಂದು ನೈತಿಕ ನಿಯಂತ್ರಣ ಸಂಸ್ಥೆ ಕಟ್ಟಿಕೊಂಡು, ಪೆಟ್ಟಿಗೆಯ ಮೇಲೆ ವಯೋಮಿತಿಯ ಗುರುತು ಹಾಕತೊಡಗಿದರು. ಆ ಕಾಲದ ಅನೇಕ ಕೃತಿಗಳ ಬಗ್ಗೆ ಇರುವ ಆಕ್ಷೇಪ ನ್ಯಾಯವಾದದ್ದೇ.

ಆದರೆ ಕೃತಿಯ ಮೇಲಿನ ಆಕ್ಷೇಪ ಓದುಗನ ಮೇಲಿನ ತೀರ್ಪಾಗಿ ಬದಲಾದದ್ದು ಬೇರೆ ಕತೆ. 1983ರಲ್ಲಿ ಅಂಕಣಕಾರ ಅಕಿಯೊ ನಾಕಾಮೊರಿ ಚಿತ್ರಕತೆಗಳ ಗೀಳಿನ ಯುವಕರನ್ನು 'ಒತಾಕು' ಎಂದು ಗೇಲಿ ಮಾಡಿದ. ಈ ಪದಕ್ಕೆ 'ನಿಮ್ಮ ಮನೆ' ಎಂದೂ, ಗೌರವದ 'ನೀವು' ಎಂದೂ ಅರ್ಥ. ಆ ಹುಡುಗರು ಪರಸ್ಪರ ಹಾಗೆ ಕರೆದುಕೊಳ್ಳುತ್ತಿದ್ದುದೇ ಅವನಿಗೆ ನಗೆಯ ವಸ್ತು. 1989ರಲ್ಲಿ ನಾಲ್ವರು ಪುಟ್ಟ ಹೆಣ್ಣುಮಕ್ಕಳನ್ನು ಕೊಂದ ಒಬ್ಬ ಯುವಕ ಸೆರೆಸಿಕ್ಕ. ಅವನ ಕೋಣೆಯಲ್ಲಿ ಸಾವಿರಾರು ವಿಡಿಯೋ ಕ್ಯಾಸೆಟ್ಟುಗಳಿದ್ದವು. ಪತ್ರಿಕೆಗಳು ಅವನನ್ನು ಒತಾಕು ಎಂದವು. ಅಲ್ಲಿಂದ ಮುಂದೆ ಎಷ್ಟೋ ವರ್ಷ, ಯಾರಿಗೂ ಕೇಡು ಬಯಸದ ಲಕ್ಷಾಂತರ ಹುಡುಗ ಹುಡುಗಿಯರು ತಮ್ಮ ಓದಿನ ಮಾತನ್ನು ಶಾಲೆಯಲ್ಲಿ, ಕಚೇರಿಯಲ್ಲಿ ಬಾಯಿಬಿಡಲು ಅಂಜಿದರು. ಒಬ್ಬನ ಅಪರಾಧವನ್ನು ಒಂದು ಗುಂಪಿನ ಹಣೆಗೆ ಅಂಟಿಸುವುದು ಎಷ್ಟು ಸುಲಭ, ಅದನ್ನು ಅಳಿಸುವುದು ಎಷ್ಟು ಕಷ್ಟ ಎಂಬುದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ಬದಲಾವಣೆ ಬಂದದ್ದು ಬರಹದಿಂದಲೇ. 1998ರಲ್ಲಿ ಆರಂಭವಾದ ಕೀ ಎಂಬ ತಂಡ 1999ರಲ್ಲಿ 'ಕಾನೊನ್', 2000ದಲ್ಲಿ 'ಏರ್' ಎಂಬ ಕತೆಗಳನ್ನು ತಂದಿತು. ಇವುಗಳಲ್ಲೂ ಮೊದಲು ವಯಸ್ಕರ ದೃಶ್ಯಗಳಿದ್ದವು. ಓದುಗರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಅಗಲಿಕೆ, ಕಾಯಿಲೆ, ಮರೆತುಹೋದ ಮಾತು. ಆ ದೃಶ್ಯಗಳನ್ನು ತೆಗೆದುಹಾಕಿ ಮತ್ತೆ ಪ್ರಕಟಿಸಿದಾಗಲೂ ಜನ ಕೊಂಡರು. 2004ರ 'ಕ್ಲಾನಾಡ್' ಆರಂಭದಿಂದಲೇ ಎಲ್ಲ ವಯಸ್ಸಿನವರಿಗಾಗಿ ಬಂತು. ಕುಡುಕ ತಂದೆಯೊಡನೆ ಮಾತು ಬಿಟ್ಟ ಮಗ ತಾನೇ ತಂದೆಯಾಗುವ ಕತೆ ಅದು.

ಮೇಜಿನ ಎರಡೂ ಬದಿ

1975ರ ಡಿಸೆಂಬರ್ 21ರಂದು ಟೋಕಿಯೊದ ಒಂದು ಸಭಾಂಗಣದಲ್ಲಿ ಚಿತ್ರಕತೆಯ ಅಭಿಮಾನಿಗಳ 32 ತಂಡಗಳು ಮೇಜು ಹಾಕಿ, ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕಗಳನ್ನು ಮಾರಿದವು. ಬಂದವರು ಸುಮಾರು 700 ಮಂದಿ. ಕಾಮಿಕೆಟ್ ಎಂಬ ಈ ಸಂತೆ ವರ್ಷಕ್ಕೆ ಎರಡು ಸಲ ನಡೆಯುವ ಜಾತ್ರೆಯಾಗಿ ಬೆಳೆಯಿತು. 2019ರ ಚಳಿಗಾಲದ ನಾಲ್ಕು ದಿನಗಳಲ್ಲಿ ಸುಮಾರು ಏಳೂವರೆ ಲಕ್ಷ ಜನ ಬಂದರು. ಅಲ್ಲಿ ಗಿರಾಕಿ ಎಂಬ ಮಾತನ್ನೇ ಬಳಸುವುದಿಲ್ಲ. ಮಾರುವವರು, ಕೊಳ್ಳುವವರು, ಸ್ವಯಂಸೇವಕರು ಎಲ್ಲರೂ 'ಪಾಲ್ಗೊಳ್ಳುವವರು'.

1990ರ ದಶಕದ ಕೊನೆಗೆ ನಾಓಕಿ ತಾಕಾಹಾಶಿ ಎಂಬಾತ ಎನ್‌ಸ್ಕ್ರಿಪ್ಟರ್ ಎಂಬ ತಂತ್ರಾಂಶ ಬರೆದ. ಹಣಕ್ಕಾಗಿ ಅಲ್ಲದವರು ಅದನ್ನು ಉಚಿತವಾಗಿ ಬಳಸಬಹುದಿತ್ತು. ಕತೆ ಬರೆಯಬಲ್ಲ ಒಬ್ಬ, ಚಿತ್ರ ಬಿಡಿಸಬಲ್ಲ ಒಬ್ಬ ಇದ್ದರೆ ಒಂದು ದೃಶ್ಯ ಕಾದಂಬರಿ ಸಿದ್ಧ. ಶಾಲೆಯ ದಿನಗಳಿಂದ ಗೆಳೆಯರಾಗಿದ್ದ ಕಿನೊಕೊ ನಾಸು ಮತ್ತು ತಾಕಾಶಿ ತಾಕೆಉಚಿ ಹಾಗೆಯೇ ಸೇರಿದರು. ಅವರ 'ತ್ಸುಕಿಹಿಮೆ' 2000ದ ಡಿಸೆಂಬರಿನಲ್ಲಿ ಕಾಮಿಕೆಟ್‌ನ ಮೇಜಿಗೆ ಬಂತು. ಅದರ ಯಶಸ್ಸಿನ ಬಲದಿಂದ ಅವರು ಕಂಪನಿ ಕಟ್ಟಿ, 2004ರಲ್ಲಿ 'ಫೇಟ್/ಸ್ಟೇ ನೈಟ್' ಹೊರತಂದರು.

2002ರ ಆಗಸ್ಟಿನಲ್ಲಿ ರ್ಯೂಕಿಶಿ07 ಎಂಬ ಕಾವ್ಯನಾಮದ ಒಬ್ಬರು ಇನ್ನೊಂದು ಕತೆಯ ಮೊದಲ ಭಾಗವನ್ನು ಅದೇ ಸಂತೆಗೆ ತಂದರು. ಅದು 'ಹಿಗುರಾಶಿ'. ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿದ್ದ ಒಂದು ಹಳ್ಳಿ. ಊರವರು ಹೋರಾಡಿ ಊರನ್ನು ಉಳಿಸಿಕೊಂಡಿದ್ದಾರೆ. ಆದರೆ ವರ್ಷಕ್ಕೊಂದು ಸಾವು. ಚಿತ್ರಗಳು ಒರಟು, ಕೈಗಳ ಆಕಾರವೇ ಸರಿಯಿಲ್ಲ. ಆರಿಸಿಕೊಳ್ಳಲು ದಾರಿಗಳೂ ಇಲ್ಲ, ಸುಮ್ಮನೆ ಓದಬೇಕು. ಮೊದಲು ಕೊಂಡವರು ಬೆರಳೆಣಿಕೆಯ ಮಂದಿ. ಓದಿದವರು ಬಾಯಿಂದ ಬಾಯಿಗೆ ಸುದ್ದಿ ಹರಡಿದರು. ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವಿನ ತಿಂಗಳುಗಳಲ್ಲಿ ಕೊಲೆಗಾರ ಯಾರೆಂದು ವಾದಿಸಿದರು. 2006ರ ಆಗಸ್ಟಿನಲ್ಲಿ ಎಂಟನೆಯ ಭಾಗ ಬರುವಷ್ಟರಲ್ಲಿ ಅದು ದೇಶವೇ ಬಲ್ಲ ಕತೆಯಾಗಿತ್ತು.

ಭಾಷೆಯ ಗೋಡೆ

ಜಪಾನಿನ ಹೊರಗಿನ ಓದುಗನಿಗೆ ಇವೆಲ್ಲ ಬೀಗ ಹಾಕಿದ ಪೆಟ್ಟಿಗೆಗಳು. ಕೆಲವೇ ಕೃತಿಗಳು ಇಂಗ್ಲಿಷಿಗೆ ಬರುತ್ತಿದ್ದವು. ಅಂತಹ ಸಮಯದಲ್ಲಿ ವಿದ್ಯಾರ್ಥಿಗಳು, ಗುಮಾಸ್ತರು, ಎಂಜಿನಿಯರುಗಳು ತಾವೇ ಜಪಾನಿ ಕಲಿತು ಅನುವಾದಕ್ಕೆ ಕುಳಿತರು. ಭಾಷೆ ಬಲ್ಲವರಿದ್ದರೆ ಸಾಲದು. ಎರಡು ಬೈಟಿನ ಜಪಾನಿ ಅಕ್ಷರಕ್ಕೆಂದು ಕಟ್ಟಿದ ತಂತ್ರಾಂಶದಲ್ಲಿ ಒಂದು ಬೈಟಿನ ಇಂಗ್ಲಿಷ್ ಅಕ್ಷರ ಕೂರುತ್ತಿರಲಿಲ್ಲ. ಸಾಲು ಪದದ ನಡುವೆಯೇ ತುಂಡಾಗುತ್ತಿತ್ತು. ಅದಕ್ಕಾಗಿ ತಂತ್ರಾಂಶವನ್ನೂ ತಿದ್ದಿದರು.

2005ರಲ್ಲಿ ಇನ್ಸಾನಿ ಎಂಬ ತಂಡ ಜಪಾನಿನ ಉಚಿತ ಕಿರು ಕತೆಗಳ ಅನುವಾದೋತ್ಸವವನ್ನೇ ನಡೆಸಿತು. ಇದೇ ತಂಡ ಇಂಗ್ಲಿಷಿಗೆ ತಂದ 'ನಾರ್ಸಿಸು' ಅನೇಕರ ಕಣ್ಣು ತೇವಗೊಳಿಸಿತು. ಆಸ್ಪತ್ರೆಯ ಏಳನೆಯ ಮಹಡಿ, ಅಲ್ಲಿಗೆ ಹೋದವರು ಮರಳುವುದಿಲ್ಲ. ಇಬ್ಬರು ಯುವ ರೋಗಿಗಳು ಕಾರು ಹತ್ತಿ ಅವಾಜಿ ದ್ವೀಪದ ಹೂಗಳನ್ನು ನೋಡಲು ಹೊರಡುತ್ತಾರೆ. ಕತೆ ಅಷ್ಟೇ. 2006ರಲ್ಲಿ ಮಿರರ್ ಮೂನ್ ಎಂಬ ತಂಡ 'ತ್ಸುಕಿಹಿಮೆ'ಯ ಪೂರ್ಣ ಅನುವಾದ ಮುಗಿಸಿತು. ಯಾರಿಗೂ ಸಂಬಳವಿಲ್ಲ.

ಇದು ಕಾನೂನಿನ ಕಣ್ಣಿಗೆ ಸರಿಯೇ? ಮೂಲ ಲೇಖಕನ ಅನುಮತಿ ಇಲ್ಲದೆ ಅನುವಾದಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ. ಎಷ್ಟೋ ತಂಡಗಳು ಕತೆಯನ್ನು ಹಂಚದೆ ಅನುವಾದದ ಕಡತವನ್ನು ಮಾತ್ರ ಕೊಟ್ಟು, ಮೂಲವನ್ನು ಕೊಂಡುಕೊಳ್ಳಿ ಎಂದು ಹೇಳಿದವು. ಕೊಳ್ಳದೆ ನಕಲು ಮಾಡಿಕೊಂಡವರೂ ಧಾರಾಳವಾಗಿದ್ದರು. ಪ್ರೀತಿಯ ಹೆಸರಿನಲ್ಲಿ ಲೇಖಕನ ಪಾಲನ್ನು ಕಸಿಯಬಾರದು ಎಂಬ ಮಾತಿಗೆ ಎದುರಾಡುವಂತಿಲ್ಲ. ಆದರೆ ಇನ್ನೊಂದು ಸತ್ಯವೂ ಇದೆ. 'ಫೇಟ್/ಸ್ಟೇ ನೈಟ್' ಅಧಿಕೃತವಾಗಿ ಇಂಗ್ಲಿಷಿನಲ್ಲಿ ಬಂದದ್ದು 2024ರಲ್ಲಿ, ಇಪ್ಪತ್ತು ವರ್ಷಗಳ ನಂತರ. ಅಷ್ಟು ವರ್ಷ ಕಾದು ಕೊಂಡುಕೊಳ್ಳುವ ಓದುಗರನ್ನು ಬೆಳೆಸಿದವರು ಆ ಅನಾಮಿಕ ಅನುವಾದಕರೇ. 2014ರಲ್ಲಿ 'ಕ್ಲಾನಾಡ್' ಅನುವಾದಕ್ಕೆ ಸಾರ್ವಜನಿಕರಿಂದ ವಂತಿಗೆ ಕೇಳಿದಾಗ ಐದು ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಅದನ್ನು ಕೇಳಿದ ಸಂಸ್ಥೆಯೂ ಅಭಿಮಾನಿಗಳ ಅನುವಾದ ತಂಡವಾಗಿ ಆರಂಭವಾದದ್ದೇ.

ಒಂದು ಪುಟ್ಟ ಚಿತ್ರದ ಪಯಣದೊಂದಿಗೆ ಈ ಮಾತು ಮುಗಿಸಬಹುದು. 2000ದಲ್ಲಿ ಜಪಾನಿನ ಚಿತ್ರಕಾರರೊಬ್ಬರು ತಮ್ಮ ಪುಸ್ತಕದ ಒಂದು ಪುಟದಲ್ಲಿ ಅಂಗವಿಕಲ ಹುಡುಗಿಯರ ರೇಖಾಚಿತ್ರ ಬಿಡಿಸಿ, ಹೀಗೊಂದು ಕತೆ ಇದ್ದರೆ ಎಂಬ ಕಲ್ಪನೆಯನ್ನು ಬರೆದಿದ್ದರು. 2007ರಲ್ಲಿ ಆ ಪುಟ ವಿದೇಶದ ಅಭಿಮಾನಿಗಳ ಕಣ್ಣಿಗೆ ಬಿತ್ತು. ಒಬ್ಬರನ್ನೊಬ್ಬರು ಮುಖತಃ ಕಾಣದ ಹಲವು ದೇಶಗಳ ಜನ ಸೇರಿ ಐದು ವರ್ಷ ದುಡಿದು, 2012ರ ಜನವರಿ 4ರಂದು 'ಕಾತಾವಾ ಶೋಜೊ' ಎಂಬ ದೃಶ್ಯ ಕಾದಂಬರಿಯನ್ನು ಉಚಿತವಾಗಿ ಕೊಟ್ಟರು. ಅದರ ನಾಯಕ ಹೃದ್ರೋಗಿ. ಅಂಗವಿಕಲರ ಶಾಲೆಗೆ ಬಂದ ಅವನು ಮೊದಲು ಕಲಿಯುವ ಪಾಠ, ಎದುರಿಗಿರುವವರ ಕೊರತೆಯನ್ನು ದಾಟಿ ಮನುಷ್ಯರನ್ನು ನೋಡುವುದು. ಆ ಕತೆ ಮುಂದೆ ಜಪಾನಿ ಭಾಷೆಗೂ ಅನುವಾದವಾಯಿತು. ಕೊಟ್ಟ ಸಾಲ ಬಡ್ಡಿಯೊಂದಿಗೆ ತವರಿಗೆ ಮರಳಿದಂತಾಯಿತು.

ಈ ಓದುಗರು ನಮಗೆ ತೀರಾ ಅಪರಿಚಿತರೇನಲ್ಲ. ಬಂಗಾಳಿ ಕಾದಂಬರಿಗಳಿಗೆ ಮನಸೋತ ಬಿ. ವೆಂಕಟಾಚಾರ್ಯರು ಅವನ್ನು ಕನ್ನಡಕ್ಕೆ ತಂದರು. ಮರಾಠಿಯಿಂದ ತಂದು ಬರೆದ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಕಾದಂಬರಿಯ ಓದುಗರು ಬೆಳೆದದ್ದು ಅಂಥವರ ಶ್ರಮದಿಂದ. ಎದೊ ನಗರದ ಬಾಡಿಗೆ ಪುಸ್ತಕದವನ ಬೆನ್ನ ಮೇಲೂ, ಗಳಗನಾಥರ ಹೆಗಲ ಮೇಲೂ, ರಾತ್ರಿ ನಿದ್ದೆಗೆಟ್ಟು ಪರರ ಕತೆಯನ್ನು ತಮ್ಮವರಿಗಾಗಿ ತಿದ್ದುತ್ತಿದ್ದ ಆ ಹುಡುಗರ ಮೇಜಿನ ಮೇಲೂ ಇದ್ದದ್ದು ಒಂದೇ ಹೊರೆ. ತಾನು ಓದಿ ಸುಖಪಟ್ಟದ್ದನ್ನು ಇನ್ನೊಬ್ಬರಿಗೆ ತಲುಪಿಸದೆ ಇರಲಾರದವನು ಹೊರುವ ಹೊರೆ ಅದು.