ಸೊಲ್ಲಿನ ಮರುಹುಟ್ಟು: ಟ್ರ್ಯಾಪ್ ಸಂಗೀತ ಮತ್ತು ಕೋಲುಮಂಡೆ

ಅಮೆರಿಕದ ಅಟ್ಲಾಂಟಾ ನಗರದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಟ್ರ್ಯಾಪ್, ರ‍್ಯಾಪ್ ಸಂಗೀತದ ಒಂದು ಕವಲು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಎಂಬ ತಾಳಯಂತ್ರದ ಮಂದ್ರನಾದವೇ ಅದರ ಗುರುತಾಗಿದ್ದರೂ, ಅದರ ಕೆಲವು ಲಕ್ಷಣಗಳು ಯಂತ್ರಕ್ಕಿಂತ ಬಹಳ ಹಳೆಯವು. ಮುಖ್ಯ ಗಾಯಕನ ಸಾಲಿನ ತುದಿಯಲ್ಲಿ ಬಂದು ಬೀಳುವ ಚುಟುಕು ಉದ್ಗಾರಗಳು, ಒಬ್ಬ ಕರೆದರೆ ಗುಂಪು ಓಗೊಡುವ ಆಫ್ರಿಕದ ಗಾಯನಕ್ರಮದಿಂದ ಹೊರಟು, ಗುಲಾಮರಾಗಿ ಸಾಗಿಸಲ್ಪಟ್ಟವರ ದುಡಿಮೆಯ ಹಾಡುಗಳನ್ನೂ ಚರ್ಚಿನ ಗಾಯನವನ್ನೂ ದಾಟಿ ಬಂದಿವೆ. ಒಂದು ಎಣಿಕೆಯನ್ನು ಮೂರಾಗಿ ಒಡೆದು ಮಾತು ಪೋಣಿಸುವ ಟ್ರ್ಯಾಪ್‌ನ ನಡೆಯನ್ನು ಕೇಳಿದವರಿಗೆ, 12 ಎಣಿಕೆಗಳಲ್ಲಿ 7 ಪೆಟ್ಟುಗಳನ್ನು ಹಂಚುವ ಘಾನಾ ಮತ್ತು ಟೋಗೊಗಳ ಎವೆ ಜನರ ಕಬ್ಬಿಣದ ಗಂಟೆಯ ತಾಳ ನೆನಪಾಗುವುದು ಸಹಜ.

ಕನ್ನಡದಲ್ಲಿ ಇಂಥ ಮರುಬಳಕೆಗೆ ಸ್ಪಷ್ಟ ನಿದರ್ಶನ ಮಲೆ ಮಾದೇಶ್ವರ ಪರಂಪರೆಯ ‘ಕೋಲುಮಂಡೆ’ ಹಾಡು. ಆಫ್ರಿಕದ ಕ್ರಮಕ್ಕೂ ಇದಕ್ಕೂ ವಂಶಸಂಬಂಧವಿಲ್ಲ, ಇರುವುದು ರಚನೆಯ ಹೋಲಿಕೆ ಮಾತ್ರ. ಮಾದೇಶ್ವರನ ಭಕ್ತಗಾಯಕರಾದ ದೇವರಗುಡ್ಡರು ಕಂಚಿನ ಕಂಸಾಳೆಯನ್ನು ತಟ್ಟುತ್ತ ಕಥೆಯನ್ನು ನಡೆಸುವಾಗ, ಹಿಮ್ಮೇಳದವರು ಮತ್ತೆ ಮತ್ತೆ ಎತ್ತಿಕೊಳ್ಳುವ ಪಲ್ಲವಿಯಂಥ ಸಾಲನ್ನು ಸೊಲ್ಲು ಎನ್ನುತ್ತಾರೆ. ಸೊಲ್ಲು ಕಥೆಗಾರನಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವು ಕೊಡುತ್ತದೆ, ಕೇಳುಗರನ್ನು ಹಾಡಿನೊಳಕ್ಕೆ ಕರೆದುಕೊಳ್ಳುತ್ತದೆ.

ಈ ಹಾಡು ಮಲೆ ಮಾದೇಶ್ವರ ಮಹಾಕಾವ್ಯದ ಸಂಕಮ್ಮನ ಸಾಲಿಗೆ, ಅಂದರೆ ಸಂಕಮ್ಮನ ಕಥಾಭಾಗಕ್ಕೆ, ಹೊಂದಿಕೊಂಡಿದೆ. ಜೇನು ತರಲು ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ ಭಾಷೆ ಕೇಳುತ್ತಾನೆ. ಅವಳು ಒಪ್ಪದಿದ್ದಾಗ ಗುಡಿಸಲಲ್ಲಿ ಕೂಡಿಹಾಕಿ ಹಿಂಸಿಸುತ್ತಾನೆ. ಆ ಬಾಗಿಲಿಗೆ ಮಾದೇಶ್ವರ ಜಂಗಮನಾಗಿ ಭಿಕ್ಷಕ್ಕೆ ಬರುತ್ತಾನೆ. ಆದ್ದರಿಂದ ಕೇಳುವವರಿಗೆ ಈ ಹಾಡಿನ ಸೊಲ್ಲಿನ ಕರೆ ಬರಿಯ ಸ್ತುತಿಯಾಗಿ ಉಳಿಯುವುದಿಲ್ಲ, ನೊಂದ ಹೆಣ್ಣೊಬ್ಬಳ ಬಾಗಿಲಲ್ಲಿ ನಿಂತ ದೇವರ ದನಿಯಾಗುತ್ತದೆ.

1996ರ ‘ಜನುಮದ ಜೋಡಿ’ ಚಿತ್ರದಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಇದನ್ನು ಹಾಡಿದಾಗ ಕಥೆ ಮರೆಗೆ ಸರಿದರೂ ಕರೆಯ ಗಾಂಭೀರ್ಯ ಉಳಿದಿತ್ತು. 2020ರಲ್ಲಿ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಅದನ್ನು ರ‍್ಯಾಪ್‌ಗೆ ಅಳವಡಿಸಿ ಹೊರತಂದಾಗ, ದೃಶ್ಯದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರಿಂದ ತೀವ್ರ ವಿರೋಧ ಬಂದು, ಅವರು ಕ್ಷಮೆ ಕೋರಬೇಕಾಯಿತು. ಹಿಮ್ಮೇಳದ ಸ್ಥಾನಕ್ಕೆ ಯಂತ್ರದ ಆವರ್ತನೆ ಬಂದುದಕ್ಕೆ ಹುಟ್ಟಿದ ಜಗಳ ಇದಲ್ಲವೆಂಬುದು ಗಮನಾರ್ಹ: ತಾಳ ಬದಲಾದುದನ್ನು ಸಹಿಸಿಕೊಂಡವರಿಗೂ ಸೊಲ್ಲಿನ ಒಡತಿಯಾದ ಸಂಕಮ್ಮನ ಘನತೆ ಕುಂದಿದ್ದು ನೋವಾಯಿತು.

ಹಳೆಯ ಹಾಡನ್ನು ಹೊಸ ತಾಳಕ್ಕೆ ತರುವಾಗ ಅದರ ಕಥೆಯ ಘನತೆಯನ್ನು ಉಳಿಸಿಕೊಳ್ಳುವುದು ಹೇಗೆಂಬ ಈ ಪ್ರಶ್ನೆ ಚಿತ್ರದುರ್ಗದ ಸೀಮೆಗೂ ದೂರದ್ದಲ್ಲ. ಹಿರಿಯೂರಿನ ಸುತ್ತಣ ಕಾಡುಗೊಲ್ಲರು ತಮ್ಮ ದೈವವಾದ ಜುಂಜಪ್ಪನ ಕಥೆಯನ್ನು ಹಾಡುವಾಗ ನುಡಿಸುವ ಗಣೆ ಉದ್ದನೆಯ ಬಿದಿರಿನ ಊದುವಾದ್ಯ. ಹಾಡು ನಿಂತಲ್ಲಿ ಗಣೆ ಮುಂದುವರಿಯುತ್ತದೆ, ಗಣೆ ನಿಂತಲ್ಲಿ ಹಾಡು. ಅದರ ನಾಲ್ಕು ಕ್ಷಣದ ಸ್ವರವನ್ನು ಕತ್ತರಿಸಿ ಗಣಕಯಂತ್ರದಲ್ಲಿ ಸುತ್ತಿಸುವುದು ಇಂದು ಸುಲಭ. ಆದರೆ ಹಾಗೆ ಮಾಡುವವರು ಆ ಸ್ವರದ ಬೆನ್ನಿಗೆ ಬರಬೇಕಾದ ಜುಂಜಪ್ಪನ ಕಥೆಯನ್ನೂ ಒಮ್ಮೆ ರಾತ್ರಿಯಿಡೀ ಕೂತು ಕೇಳಿರಬೇಕು.