ಜೆಪ್ಪುವಿನ ಹಂಚು, ಬಲ್ಮಠದ ಅಕ್ಷರ: ಒಂದು ಕೇರಿ ಚೇತರಿಸಿಕೊಂಡ ಬಗೆ

ಕಾಸರಗೋಡಿನ ಕನ್ನಡದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1956ರ ನವೆಂಬರ್ 1ರಿಂದ ಆರಂಭಿಸುತ್ತಾರೆ. ಅಂದಿನವರೆಗೆ ಈ ತಾಲೂಕು ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿತ್ತು. ಆದುದರಿಂದ ಇಲ್ಲಿನ ಶಾಲೆ, ಮುದ್ರಣ, ಹೆಂಚಿನ ಮನೆ, ಕೂಲಿ ಕೆಲಸ ಇವುಗಳ ಪೂರ್ವಕಥೆಯನ್ನು ನೇತ್ರಾವತಿಯ ದಡದಲ್ಲಿಯೇ ಹುಡುಕಬೇಕಾಗುತ್ತದೆ. ಆ ಕಥೆಯ ಒಂದು ಭಾಗ ಬಾಸೆಲ್ ಮಿಶನ್ ಸಭೆಯೂ ಅದರ ಸಹಭಾಗಿಗಳೂ ಸೇರಿ ಬಲ್ಮಠ ಮತ್ತು ಜೆಪ್ಪುಗಳಲ್ಲಿ ನಿರ್ಗತಿಕರ ಒಂದು ಕೇರಿಯನ್ನು ಎತ್ತಿ ನಿಲ್ಲಿಸಿದ ಪ್ರಯತ್ನ. ಇದನ್ನು ಮಿಶನರಿಗಳ ಪುಣ್ಯಕಾರ್ಯವೆಂದು ಹೊಗಳಿದವರಿದ್ದಾರೆ, ಮತಾಂತರದ ತಂತ್ರವೆಂದು ತಳ್ಳಿಹಾಕಿದವರೂ ಇದ್ದಾರೆ. ಈ ಎರಡು ನೆಲೆಗಳಲ್ಲಿಯೂ ಕೇರಿಯ ಜನ ಕಾಣಿಸುವುದು ಕಡಿಮೆ.

1833ರ ಸನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ರಾಜ್ಯದ ಬಾಗಿಲನ್ನು ತೆರೆಯಿತು. ಮರುವರ್ಷವೇ ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1840ರಲ್ಲಿ ಜಿಲ್ಲೆಯ ಕಲೆಕ್ಟರರಾಗಿದ್ದ ಎಚ್. ಎಂ. ಬ್ಲೇರ್ ಬಲ್ಮಠದ ಗುಡ್ಡದ ಆಸ್ತಿಯನ್ನು ಮಿಶನ್ನಿಗೆ ಕೊಟ್ಟರು. ಅಧಿಕಾರಿಯೊಬ್ಬನ ಈ ಔದಾರ್ಯದಿಂದ ಸಭೆಗೆ ನೆಲ ದೊರೆಯಿತು. ಆ ನೆಲದ ಮೇಲೆ ಬಂದು ನಿಂತವರ ಹೊಟ್ಟೆಪಾಡಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಈ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂಬುದನ್ನು ತುಳುನಾಡಿನ ಭೂಸಂಬಂಧಗಳನ್ನು ಬಲ್ಲವರು ಮಾತ್ರ ಊಹಿಸಬಲ್ಲರು. ಸಭೆಗೆ ಸೇರಿದವರಲ್ಲಿ ಬಹುಸಂಖ್ಯಾಕರು ಬಿಲ್ಲವರು. ಮೂರ್ತೆ, ಎಂದರೆ ತಾಳೆ ತೆಂಗುಗಳಿಂದ ಕಳ್ಳು ಇಳಿಸುವುದು, ಅವರಲ್ಲಿ ಅನೇಕರ ಕಸುಬು. ಉಳಿದವರು ಗೇಣಿಯ ಒಕ್ಕಲುಗಳು. ಸಭೆಯ ಶಿಸ್ತು ಕಳ್ಳಿನ ಕಸುಬನ್ನು ಒಪ್ಪಲಿಲ್ಲ. ಧಣಿಗಳಿಗೆ ಜಾತಿ ಬಿಟ್ಟ ಒಕ್ಕಲು ಬೇಡವಾದ. ಇನ್ನು ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಅವಿಭಾಜ್ಯ. ಪಾಲು ಕೇಳುವ ಹಕ್ಕು ಶಾಸನಬದ್ಧವಾದುದು 1949ರ ಮದ್ರಾಸು ಕಾಯಿದೆಯ ತರುವಾಯ. ಮತ ಬದಲಿಸಿದವನ ಹಕ್ಕು ಕಳೆಯಬಾರದೆಂದು 1850ರ ಕಾನೂನು ಹೇಳಿತಾದರೂ, ಪಾಲೇ ಆಗದ ಆಸ್ತಿಯಲ್ಲಿ ಮನೆಯಿಂದ ಹೊರಬಿದ್ದವನ ಕೈಗೆ ಬರುವುದೇನು? ಹೀಗೆ ಜ್ಞಾನಸ್ನಾನವೆಂಬುದು ಕಸುಬು, ಗೇಣಿ, ಮನೆ ಮೂರನ್ನೂ ಒಮ್ಮೆಗೇ ಕಳೆದುಕೊಳ್ಳುವ ಕ್ರಿಯೆಯಾಯಿತು. ಬಲ್ಮಠದ ಸುತ್ತ ನೆರೆದ ಕೇರಿ ಆರಂಭದಲ್ಲಿ ಕೆಲಸವಿಲ್ಲದವರ ಬಿಡಾರವಾಗಿತ್ತು, ಮತ್ತು ಆ ಬಡತನದಲ್ಲಿ ಸಭೆಯ ನಿಯಮಗಳ ಪಾಲೂ ಇತ್ತೆಂಬುದನ್ನು ಮರೆಯಲಾಗದು.

ಮೊದಮೊದಲಿನ ಉಪಾಯಗಳು ಕೈಗೂಡಲಿಲ್ಲ. ಬೇಸಾಯ, ಬಡಗಿತನ, ಗಡಿಯಾರದ ಕೆಲಸ ಎಲ್ಲವನ್ನೂ ಪ್ರಯತ್ನಿಸಿದ್ದಾಯಿತು. ಊರಿನಲ್ಲಿ ಗಡಿಯಾರಗಳೇ ವಿರಳವಾಗಿದ್ದಾಗ ಗಡಿಯಾರದ ಕಸುಬು ಎಷ್ಟು ಮನೆಗಳನ್ನು ಸಾಕೀತು! ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರೂಢಿಯನ್ನು ಮಂಗಳೂರಿನ ಬೇಡಿಕೆಯೆಂದು ಬಗೆದದ್ದರ ಫಲವಿದು ಎನ್ನದೆ ವಿಧಿಯಿಲ್ಲ. ಬದಲಾವಣೆ ಬಂದುದು 1850ರ ದಶಕದಲ್ಲಿ. 1851ರಲ್ಲಿ ನೇಯ್ಗೆಯ ಕುಶಲಕರ್ಮಿ ಜಾನ್ ಹಾಲರ್ ಬಂದು ಸುಧಾರಿತ ಮಗ್ಗಗಳನ್ನು ಹೂಡಿದ. ಖಾಕಿ ಬಣ್ಣ ಅವನ ನೇಯ್ಗೆ ಶಾಲೆಯಲ್ಲಿ ರೂಪುಗೊಂಡಿತೆಂಬ ಪ್ರತೀತಿ ಮಂಗಳೂರಿನಲ್ಲಿ ಇಂದಿಗೂ ಜೀವಂತವಾಗಿದೆ. ಆ ಕೀರ್ತಿಗೆ ಬೇರೆ ಹಕ್ಕುದಾರರೂ ಇರುವುದರಿಂದ ಅದನ್ನು ಪ್ರತೀತಿಯೆಂದೇ ಇಟ್ಟುಕೊಳ್ಳುವುದು ಲೇಸು. 1859ರಲ್ಲಿ ಬಾಸೆಲಿನ ಭಕ್ತ ವರ್ತಕರು ಬಂಡವಾಳ ಹಾಕಿ ಮಿಶನ್ ವ್ಯಾಪಾರ ಕಂಪನಿಯನ್ನು ಕಟ್ಟಿದರು. ಅಲ್ಲಿಂದ ಮುಂದೆ ಉಪದೇಶ ಒಬ್ಬರದು, ಲೆಕ್ಕಪುಸ್ತಕ ಇನ್ನೊಬ್ಬರದು ಎಂಬ ವಿಭಜನೆ ಕಾಗದದ ಮೇಲಾದರೂ ಏರ್ಪಟ್ಟಿತು.

ಕೇರಿಯ ದೆಸೆಯನ್ನು ನಿಜವಾಗಿ ತಿರುಗಿಸಿದ್ದು ಮಣ್ಣು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗೇಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ಜೇಡಿಮಣ್ಣಿನ ಗುಣವನ್ನು ಗುರುತಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ. ಇಬ್ಬರು ಕೆಲಸಗಾರರು, ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು: ಇದು ಆರಂಭದ ಲೆಕ್ಕ. ಹಂಚಿನ ರಚನೆ ಐರೋಪ್ಯ ಮಾದರಿಯದು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವುದರಿಂದ ಮಳೆನೀರು ಒಳಗೆ ಇಳಿಯದು, ಮಾಡಿನ ಭಾರವೂ ಮಿತ. ಮುಳಿಹುಲ್ಲನ್ನೋ ಮಡಲನ್ನೋ ಹೊದಿಸಿದ ಮಾಡುಗಳು ವರ್ಷವರ್ಷವೂ ಹೊಸ ಹೊದಿಕೆಯನ್ನು ಬೇಡುತ್ತಿದ್ದ, ಬೇಸಿಗೆಯಲ್ಲಿ ಬೆಂಕಿಗೆ ಹೆದರುತ್ತಿದ್ದ ಕರಾವಳಿಗೆ ಇದು ಸಲ್ಲುವ ವಸ್ತುವಾಗಿತ್ತು. ಮಣ್ಣನ್ನು ಹೊಳೆಯಿಂದ ದೋಣಿಯಲ್ಲಿ ತರುವುದು, ಕೊಳೆಸುವುದು, ಅರೆಯುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಆರಿಸುವುದು, ಗೂಡಿನಲ್ಲಿ ಸುಡುವುದು, ಹೊತ್ತು ಮಂಜಿಗೆ ಸಾಗಿಸುವುದು ಎಂಬ ಪ್ರತಿಯೊಂದು ಹಂತವೂ ಕೈಗಳನ್ನು ಬೇಡಿತು. ಅದರಲ್ಲಿ ಹೆಂಗಸರ ಕೈಗಳೂ ಇದ್ದವು. ಸರಕಾರಿ ಕಟ್ಟಡಗಳಿಗೆ ಈ ಹಂಚು ಒಪ್ಪಿತವಾದುದರಿಂದ ಮಾರುಕಟ್ಟೆ ಭದ್ರವಾಯಿತು. ಮುಂಬಯಿಗೂ ಕಡಲಾಚೆಗೂ ಸರಕು ಹೋಯಿತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡುಗಳಲ್ಲಿಯೂ ಮಿಶನ್ನಿನ ಹಂಚಿನ ಕಾರ್ಖಾನೆಗಳು ಎದ್ದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1868ರಷ್ಟು ಬೇಗನೆ ಆಲ್ಬುಕರ್ಕ್ ಮನೆತನದವರು ತಮ್ಮದೇ ಹಂಚಿನ ಕಾರ್ಖಾನೆಯನ್ನು ತೆರೆದರು. 1900ರ ಸುಮಾರಿಗೆ ಮಂಗಳೂರಿನ ಸುತ್ತಮುತ್ತ 25 ಕಾರ್ಖಾನೆಗಳಿದ್ದವು. ಅರ್ಥಾತ್ ಕೌಶಲ ಸಭೆಯ ಆವರಣದೊಳಗೆ ನಿಲ್ಲಲಿಲ್ಲ. ಮಿಶನ್ನಿನ ಕಾರ್ಖಾನೆಗಳಲ್ಲಿಯೇ ಸಭೆಗೆ ಸೇರದ ಹಿಂದೂಗಳೂ ಮುಸಲ್ಮಾನರೂ ದುಡಿದರು. ನನ್ನ ಮಟ್ಟಿಗೆ ಜೆಪ್ಪುವಿನ ಯಶಸ್ಸಿನ ನಿಜವಾದ ಅಳತೆ ಇದೇ. ದಾನದಿಂದ ನಿಂತ ಕೇರಿ ದಾನಿಯ ಅಂಗಳವಾಗಿಯೇ ಉಳಿಯುತ್ತದೆ. ಜೆಪ್ಪು ಇಡೀ ಊರಿಗೆ ಕಸುಬು ಕಲಿಸಿತು.

ಆದರೂ ಸಭೆಯೇ ಧಣಿಯಾದಾಗ ಆಗುವ ಇಕ್ಕಟ್ಟನ್ನು ಮುಚ್ಚಿಡಬಾರದು. ಕೆಲಸದ ವೇಳೆಯನ್ನು ಗಂಟೆ ಆಳಿತು, ಭಾನುವಾರವನ್ನು ದೇವಾಲಯ ಆಳಿತು. ಕಾಯಿಲೆಯ ನಿಧಿ, ಉಳಿತಾಯದ ವ್ಯವಸ್ಥೆಗಳು ಆ ಕಾಲದ ಇತರ ಕೂಲಿಗಳಿಗೆ ಕನಸಾಗಿದ್ದುದು ದಿಟ. ಕುಡಿತಕ್ಕೋ ಕಲಹಕ್ಕೋ ಸಭೆಯ ಶಿಕ್ಷೆಗೆ ಗುರಿಯಾದವನಿಗೆ ಮಾತ್ರ ಪಾದ್ರಿಯ ಮುನಿಸೂ ಮೇಸ್ತ್ರಿಯ ಮುನಿಸೂ ಬೇರೆ ಬೇರೆಯಾಗಿ ತೋರಲಿಲ್ಲ. ಅನ್ನಕ್ಕಾಗಿ ಬಂದವರು ನಿಜ ವಿಶ್ವಾಸಿಗಳೇ ಎಂಬ ಸಂಶಯ ಮಿಶನರಿಗಳನ್ನೂ ಕಾಡಿತು. ಆ ಸಂಶಯದಲ್ಲಿಯೇ ಒಂದು ಅನ್ಯಾಯವಿದೆ: ಹಳೆಯ ಅನ್ನವನ್ನು ಕಳೆದುಕೊಂಡು ಬಂದವನು ಹೊಸ ಅನ್ನವನ್ನು ಕೇಳಿದರೆ ಅದು ಕಪಟವೆನಿಸಬೇಕೇ? 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆ, ಮನೆ ನಿವೇಶನ, ಕೈಕಸುಬುಗಳನ್ನು ಮತಾಂತರದ ಷರತ್ತಿಲ್ಲದೆ ಒದಗಿಸಿದಾಗ, ಈ ತೊಡಕಿಗೆ ಮತ್ತೊಂದು ಉತ್ತರವೂ ಉಂಟೆಂಬುದು ಅದೇ ಊರಿನಲ್ಲಿ ಕಾಣಿಸಿತು.

ಇನ್ನು ಭಾಷೆಯ ಮಾತು. ಬಲ್ಮಠ ಜೆಪ್ಪುಗಳ ಕೇರಿಯ ಮನೆಮಾತು ತುಳು, ಶಾಲೆಯ ಅಕ್ಷರ ಕನ್ನಡ. 1841ರಲ್ಲಿ ಕಲ್ಲಚ್ಚಿನ ಮುದ್ರಣ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಮರುವರ್ಷ ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು, ಎಂದರೆ ಆದವಾನಿ, ರಾಯದುರ್ಗಗಳನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಗೆ. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬ್ರಿಗೆಲರ ತುಳು ವ್ಯಾಕರಣ 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಇದೇ ಮುದ್ರಣಾಲಯದಿಂದ ಬಂದವು. ಪಂಡಿತರ ಹೆಸರುಗಳನ್ನು ನಾವು ಬಲ್ಲೆವು. ಮೊಳೆ ಜೋಡಿಸಿದವರು, ಪುಟ ಹೊಲಿದವರು ಕೇರಿಯ ಮಕ್ಕಳು. ಮೂರ್ತೆಯವನ ಮಗ ಅಚ್ಚುಮೊಳೆಯ ಮುಂದೆ ನಿಂತುದು ಕನ್ನಡದ ಸಾಮಾಜಿಕ ಚರಿತ್ರೆಯಲ್ಲಿ ನಿಘಂಟಿನಷ್ಟೇ ಗಣನೀಯವಾದ ಘಟನೆ.

ಇದೇ ಮಿಶನ್ ಚಂದ್ರಗಿರಿಯ ತೆಂಕಣಕ್ಕೆ, ತಲಶ್ಶೇರಿಯಲ್ಲಿ, ಗುಂಡರ್ಟರ ಮೂಲಕ ಮಲಯಾಳವನ್ನು ಅಚ್ಚಿಗೆ ತಂದಿತು. ಬಡಗಣಕ್ಕೆ ಕನ್ನಡವನ್ನು ತಂದಿತು. ಹೊಳೆಯ ಎರಡು ಕಡೆಯ ಸಭೆಗಳಿಗೆ ಎರಡು ಬರೆಹಭಾಷೆಗಳಾದವು. ಮುಂದೆ ರಾಜ್ಯದ ಗೆರೆ ಬಿದ್ದದ್ದು ಮಾತ್ರ ಈ ಹೊಳೆಯ ಮೇಲಲ್ಲ, ಅದಕ್ಕೂ ಬಡಗಣಕ್ಕೆ. ಮಿಶನ್ನಿನ ಹೆಸರು ಹೊತ್ತ ಬಿ.ಇ.ಎಂ. ಶಾಲೆ ಕಾಸರಗೋಡಿನಲ್ಲಿ ಇಂದಿಗೂ ನಡೆಯುತ್ತಿದೆ.

1914ರ ಯುದ್ಧ ಈ ಕಟ್ಟಡದ ದುರ್ಬಲ ಕಂಬವನ್ನು ತೋರಿಸಿಕೊಟ್ಟಿತು. ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಬಂಧನಕ್ಕೊಳಗಾದರು. ಕಾರ್ಖಾನೆಗಳು ಸರಕಾರದ ಹಿಡಿತಕ್ಕೆ ಹೋಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಅರ್ಧ ಶತಮಾನ ಮಣ್ಣು ತುಳಿದವರಿಗೆ ಆ ಕೈಬದಲಿನಲ್ಲಿ ಮಾತಿರಲಿಲ್ಲ. ಒಡೆತನದಲ್ಲಿ ಅವರಿಗೆ ಎಂದೂ ಪಾಲು ದೊರೆತಿರಲಿಲ್ಲವಾದ್ದರಿಂದ ಕಳೆದುಕೊಳ್ಳಲು ಪತ್ರವೂ ಇರಲಿಲ್ಲ. ಸಹಭಾಗಿಗಳ ಪಟ್ಟಿಯಲ್ಲಿ ಬಾಸೆಲಿನ ವರ್ತಕರಿದ್ದರು, ಕಲೆಕ್ಟರರಿದ್ದರು, ಮದ್ರಾಸು ಸರಕಾರವಿತ್ತು, ಕೇರಿ ಇರಲಿಲ್ಲ. ಪಾದ್ರಿಗಳು ಹೋದ ಮೇಲೆ ಸಭೆಯನ್ನೂ ಶಾಲೆಯನ್ನೂ ನಡೆಸಿದವರು ಊರಿನ ಉಪದೇಶಿಗಳು, ಮಾಸ್ತರರು. ಕೆಲಸಗಾರರು ಗೂಡಿನ ಬಳಿಗೇ ಮರಳಿದರು, ಈ ಬಾರಿ ಬೇರೆ ಧಣಿಯ ಕೂಲಿಗಳಾಗಿ. ಅವರ ಮಕ್ಕಳ ಕಾಲಕ್ಕೆ ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಕಾರ್ಮಿಕ ಸಂಘಗಳು ಹುಟ್ಟಿಕೊಂಡವು.