ಸರ್ಕಾರದ ದಫ್ತರವೂ ಪ್ರಜೆಯ ಕಣ್ಣೂ

ರಾಜ್ಯದ ಆಲೋಚನೆಗಳು ರಹಸ್ಯವಾಗಿಯೇ ಇರತಕ್ಕವೆಂಬುದು ಹಿಂದೆ ಯುರೋಪು ಖಂಡದ ಬಹುಮಂದಿ ಅರಸರ ನೀತಿಯಾಗಿದ್ದಿತು. ತೆರಿಗೆ ಕೊಡುವುದು ಪ್ರಜೆಯ ಕರ್ತವ್ಯ. ಆ ಹಣವೇನಾಯಿತೆಂದು ಕೇಳುವುದು ಉದ್ಧಟತನ. ಈ ನೀತಿಯನ್ನು ಶಾಸನಮುಖದಿಂದ ಮೊದಲು ಮುರಿದ ಕೀರ್ತಿಯು ಸ್ವೀಡನ್ ದೇಶಕ್ಕೆ ಸಲ್ಲುತ್ತದೆ. ಬಾಲ್ಟಿಕ್ ಸಮುದ್ರದ ಆಚೆಯ ದಡದಲ್ಲಿರುವ ಎಸ್ಟೋನಿಯವಾದರೋ ಗಣಕಯಂತ್ರಗಳ ಮೂಲಕ ರಾಜ್ಯಭಾರ ನಡೆಸುವುದರಲ್ಲಿ ಹೆಸರಾಗಿದೆ. ಈ ಎರಡು ದೇಶಗಳ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ, ತೆರೆದ ಆಡಳಿತಕ್ಕೆ ಯಂತ್ರಕ್ಕಿಂತ ಮುಂಚೆ ಶಾಸನವು ಬೇಕೆಂಬುದು ವಿದಿತವಾಗುವುದು.

ಹದಿನೆಂಟನೆಯ ಶತಮಾನದಲ್ಲಿ ಫಿನ್ಲೆಂಡು ಸ್ವೀಡನ್ನಿನ ರಾಜ್ಯಕ್ಕೆ ಸೇರಿದ್ದಿತು. ಅದರ ಪಶ್ಚಿಮ ತೀರದ ಸೀಮೆಯೊಂದರಲ್ಲಿ ಆಂಡರ್ಸ್ ಕ್ಯುಡೇನಿಯಸ್ ಎಂಬ ಪಾದ್ರಿಯಿದ್ದನು. ಆ ಸೀಮೆಯ ಜನರು ತಮ್ಮ ಬಂದರುಗಳಿಂದ ಟಾರನ್ನು ನೇರವಾಗಿ ಪರದೇಶಗಳಿಗೆ ಸಾಗಿಸುವಂತಿರಲಿಲ್ಲ. ಎಲ್ಲವೂ ಸ್ಟಾಕ್‌ಹೋಮಿನ ವರ್ತಕರ ಕೈಯಿಂದಲೇ ಹೋಗಬೇಕಾಗಿದ್ದಿತು. ಮಹಾಸಭೆಯಲ್ಲಿ ಆಗ ಸರದಾರರು, ಪಾದ್ರಿಗಳು, ಪಟ್ಟಣಿಗರು, ಒಕ್ಕಲಿಗರು ಎಂಬ ನಾಲ್ಕು ವರ್ಗಗಳ ಪ್ರತಿನಿಧಿಗಳು ಸೇರುತ್ತಿದ್ದರು. 1765ರಲ್ಲಿ ಅಲ್ಲಿಗೆ ಆರಿಸಿ ಬಂದ ಕ್ಯುಡೇನಿಯಸನು ಈ ಕಟ್ಟಳೆಯನ್ನು ತೆಗೆಸುವುದಕ್ಕೆ ಹೋರಾಡಿದನು. ಅದು ಸಡಿಲವೂ ಆಯಿತು. ಗುಟ್ಟಿನಲ್ಲಿ ಬೆಳೆದ ಅನ್ಯಾಯಕ್ಕೆ ಬೆಳಕೇ ಮದ್ದೆಂದು ನಂಬಿದ್ದ ಆತನು ಮುದ್ರಣ ಸ್ವಾತಂತ್ರ್ಯದ ಶಾಸನಕ್ಕಾಗಿಯೂ ದುಡಿದನು.

1766ನೆಯ ಡಿಸೆಂಬರ್ 2ರಂದು ಆ ಶಾಸನವು ಹೊರಟಿತು. ಮತಧರ್ಮದ ಬರಹಗಳನ್ನುಳಿದು ಮಿಕ್ಕವುಗಳಿಗೆ ಮುದ್ರಣಪೂರ್ವ ಪರೀಕ್ಷೆಯು ನಿಂತಿತು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ನ್ಯಾಯಸ್ಥಾನಗಳ ಮತ್ತು ಸರ್ಕಾರಿ ಕಚೇರಿಗಳ ಕಾಗದಪತ್ರಗಳನ್ನು ನೋಡಿ, ನಕಲು ಮಾಡಿ, ಅಚ್ಚು ಹಾಕಿಸುವ ಹಕ್ಕು ಪ್ರಜೆಗೆ ದೊರೆಯಿತು. ಆದರೆ ಇದಕ್ಕಾಗಿ ದುಡಿದ ಪಾದ್ರಿಯು ಆ ದಿನ ಸಭೆಯಲ್ಲಿರಲಿಲ್ಲ. ನಾಣ್ಯದ ವಿಷಯದಲ್ಲಿ ಸ್ವಪಕ್ಷದ ನೀತಿಯನ್ನೇ ಖಂಡಿಸಿ ಬರೆದನೆಂದು ಅದೇ ವರ್ಷ ಆತನನ್ನು ಸಭೆಯಿಂದ ಹೊರಹಾಕಿದ್ದರು.

ಪಡೆದ ಹಕ್ಕು ಬಹುಕಾಲ ಉಳಿಯಲಿಲ್ಲ. 1772ರಲ್ಲಿ ಮೂರನೆಯ ಗುಸ್ತಾವ್ ದೊರೆಯು ಬಲಾತ್ಕಾರದಿಂದ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡನು. ಕಾಗದಪತ್ರಗಳ ಬಾಗಿಲು ಮತ್ತೆ ಮುಚ್ಚಿತು. 1809ರ ರಾಜ್ಯಕ್ರಾಂತಿಯಾದ ಮೇಲೆ, 1810ರ ಶಾಸನದಿಂದ ಅದು ಪುನಃ ತೆರೆಯಿತು. ಈಗ ನಡೆಯುತ್ತಿರುವುದು 1949ರ ಶಾಸನ. ಅದರಂತೆ ಕಾಗದವನ್ನು ಕೇಳುವವನು ತನ್ನ ಹೆಸರನ್ನಾಗಲಿ ಉದ್ದೇಶವನ್ನಾಗಲಿ ಸಾಮಾನ್ಯವಾಗಿ ಹೇಳಬೇಕಾದುದಿಲ್ಲ. ಕೊಡಲೊಲ್ಲದ ಅಧಿಕಾರಿಯೇ ಶಾಸನದ ಆಧಾರವನ್ನು ತೋರಿಸಬೇಕು. ಸ್ವೀಡನ್ನೂ ಫಿನ್ಲೆಂಡೂ 1995ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಸೇರಿದುವು. 2001ರಲ್ಲಿ ಒಕ್ಕೂಟವೂ ತನ್ನ ಮುಖ್ಯ ಸಂಸ್ಥೆಗಳ ಕಾಗದಪತ್ರಗಳನ್ನು ನೋಡುವ ಹಕ್ಕನ್ನು ಕಟ್ಟಳೆಯಾಗಿ ವಿಧಿಸಿತು.

ಎಸ್ಟೋನಿಯವು 1991ರಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆದಾಗ ಅದರ ಬೊಕ್ಕಸವು ಬಡವಾಗಿದ್ದಿತು, ಜನಸಂಖ್ಯೆಯೂ ಅಲ್ಪ. 2001ರಲ್ಲಿ ಅದು ಕಚೇರಿ ಕಚೇರಿಗಳ ದಾಖಲೆಗಳನ್ನು ಜೋಡಿಸುವ ‘ಎಕ್ಸ್-ರೋಡ್’ ಎಂಬ ಮಾರ್ಗವನ್ನು ಸ್ಥಾಪಿಸಿತು. ದಾಖಲೆಗಳೆಲ್ಲ ಒಂದೇ ಉಗ್ರಾಣದಲ್ಲಿ ಸೇರದೆ ತಮ್ಮ ತಮ್ಮ ಕಚೇರಿಗಳಲ್ಲಿಯೇ ಇದ್ದು, ಬೇಕಾದಾಗ ಮಾತ್ರ ಈ ಮಾರ್ಗದಲ್ಲಿ ಸಾಗುತ್ತವೆ. 2002ರಲ್ಲಿ ಗುರುತಿನ ಚೀಟಿಗಳು ಬಂದುವು. 2005ರ ಸ್ಥಳೀಯ ಚುನಾವಣೆಯಲ್ಲಿ ಅಂತರಜಾಲದ ಮೂಲಕ ಮತ ಕೊಡುವುದೂ ಆರಂಭವಾಯಿತು. 2001ರಲ್ಲಿಯೇ ಜಾರಿಗೆ ಬಂದ ಸಾರ್ವಜನಿಕ ಮಾಹಿತಿಯ ಶಾಸನವು ಈ ಯಂತ್ರವ್ಯವಸ್ಥೆಯ ಜೊತೆಯಲ್ಲಿಯೇ ನಡೆದು ಬಂದಿದೆ. ತನ್ನ ದಾಖಲೆಯನ್ನು ಯಾವ ಕಚೇರಿಯವರು ಯಾವಾಗ ನೋಡಿದರೆಂಬುದನ್ನು ಬಹುಮಟ್ಟಿಗೆ ಪ್ರಜೆಯೇ ಪರೀಕ್ಷಿಸಬಹುದು. ಸ್ವೀಡನ್ನಿನ ಪ್ರಜೆಯು ಸರ್ಕಾರದ ಕಾಗದವನ್ನು ಓದಿದನು. ಎಸ್ಟೋನಿಯದವನು ತನ್ನ ಕಾಗದವನ್ನು ಓದಿದ ಸರ್ಕಾರವನ್ನೂ ಕಂಡನು.

ಈ ವ್ಯವಸ್ಥೆಗೆ ಕಠಿನವಾದ ಪರೀಕ್ಷೆಗಳೂ ಒದಗಿದುವು. 2007ರಲ್ಲಿ ಅಂತರಜಾಲದ ಮೂಲಕ ನಡೆದ ದಾಳಿಯಿಂದ ಅಲ್ಲಿನ ಸರ್ಕಾರ, ಬ್ಯಾಂಕು, ಪತ್ರಿಕೆಗಳ ಕೆಲಸಕ್ಕೆ ತೊಡಕಾಯಿತು. 2017ರಲ್ಲಿ ಸುಮಾರು ಏಳೂವರೆ ಲಕ್ಷ ಗುರುತಿನ ಚೀಟಿಗಳಲ್ಲಿ ದೋಷವಿರುವುದು ತಿಳಿದುಬಂದಿತು. ಸರ್ಕಾರವು ಅದನ್ನು ಮುಚ್ಚಿಡದೆ ಸಾರಿ ಹೇಳಿ, ಚೀಟಿಗಳ ವಿದ್ಯುನ್ಮಾನ ಬಳಕೆಯನ್ನು ತಡೆದು, ಸರಿಪಡಿಸಿತು. 2023ರ ಪಾರ್ಲಿಮೆಂಟು ಚುನಾವಣೆಯಲ್ಲಿ ಮತ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂತರಜಾಲದ ಮಾರ್ಗವನ್ನೇ ಹಿಡಿದರು.

ಯಂತ್ರವು ಪ್ರಜೆಯನ್ನು ಕಾಯುವುದಕ್ಕೆ ಎಷ್ಟು ಸಮರ್ಥವೋ ಕಾವಲಿಡುವುದಕ್ಕೂ ಅಷ್ಟೇ ಸಮರ್ಥವಾದುದು. ಯಾವುದಾಗಬೇಕೆಂಬುದನ್ನು ಗೊತ್ತುಮಾಡತಕ್ಕದ್ದು ಶಾಸನ. ಆ ಶಾಸನವನ್ನೂ ಕಾಯುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ 1772ನೆಯ ಇಸವಿಯೇ ಸಾಕ್ಷಿ.